ಮಳೆ ಜಾಕೆಟ್: ಗುಟ್ಟು ಹೊಲಿಗೆಯಲ್ಲಿದೆ

ಮಳೆಗಾಲದಲ್ಲಿ ಮೈಸೂರಿನಿಂದ ಕೊಡಗಿನ ಬೆಟ್ಟಗಳತ್ತ ಹೊರಡುವ ಚಾರಣಿಗರು ಬಯಸುವುದು ಹಗುರವಾದ ಜಲನಿರೋಧಕ ಜಾಕೆಟ್. ಬೆಂಗಳೂರಿನ ವೈಲ್ಡ್‌ಕ್ರಾಫ್ಟ್‌ನಂತಹ ಸಂಸ್ಥೆಗಳು ಈಗಾಗಲೇ ಈ ಮಾರುಕಟ್ಟೆಯಲ್ಲಿವೆ. ನಮ್ಮ ನಗರದ ಸಣ್ಣ ಉಡುಪು ಘಟಕಗಳಿಗೂ ಇಲ್ಲಿ ಅವಕಾಶವಿದೆ; ಆದರೆ ಉತ್ತಮ ಬಟ್ಟೆಯೊಂದೇ ಸಾಲದು.

1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಬಟ್ಟೆಯು ನೀರನ್ನು ತಡೆಯಿತಾದರೂ ದರ್ಜಿಯ ಸೂಜಿ ಕೊರೆದ ರಂಧ್ರಗಳಿಂದ ನೀರು ಒಳಬಂದಿತು. ಇಂದಿನ ನೈಲಾನ್ ಜಾಕೆಟ್ಟಿನ ಸಮಸ್ಯೆಯೂ ಇದೇ. ಹೊಲಿಗೆಯ ಒಳಮಗ್ಗುಲಿಗೆ ಬಿಸಿಗಾಳಿ ಯಂತ್ರದಿಂದ ಟೇಪು ಅಂಟಿಸುವುದೇ ಇದಕ್ಕೆ ಪರಿಹಾರ.

ಎರಡನೆಯದು ಬೆವರು. 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಕಂಡುಹಿಡಿದ ಸೂಕ್ಷ್ಮರಂಧ್ರಗಳ ಪೊರೆಯು ಹನಿಯನ್ನು ತಡೆದು ಆವಿಯನ್ನು ಹೊರಬಿಡುತ್ತದೆ. ಅಂತಹ ಬಟ್ಟೆ ದುಬಾರಿ. ಕಂಕುಳಿನಡಿ ಜಿಪ್ ಇರಿಸಿ ಗಾಳಿಯಾಡಲು ಬಿಡುವುದು ಸುಲಭದ ಉಪಾಯ.

ಬೆಲೆ ನಿಗದಿಯಲ್ಲಿ ತೆರಿಗೆಯನ್ನೂ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂ.ವರೆಗಿನ ಬಟ್ಟೆಯ ಉಡುಪಿಗೆ ಶೇ. 5, ಅದನ್ನು ಮೀರಿದರೆ ಶೇ. 18 ಜಿಎಸ್‌ಟಿ ಅನ್ವಯವಾಗುತ್ತದೆ.

ಸಗಟು ವರ್ತಕರು ಖರೀದಿಗೆ ಮುನ್ನ ಭುಜ ಹಾಗೂ ಟೋಪಿಯ ಹೊಲಿಗೆಗಳನ್ನು ಒಳಗಿನಿಂದ ಪರೀಕ್ಷಿಸುವುದು ಒಳಿತು. ಟೇಪಿಲ್ಲದ ಉಡುಪನ್ನು ‘ಜಲನಿರೋಧಕ’ವೆಂದು ಮಾರದೆ, ‘ತುಂತುರು ಮಳೆಗೆ ಮಾತ್ರ’ ಎಂದು ನಮೂದಿಸಿದಲ್ಲಿ ಅಂಗಡಿಯ ಹೆಸರು ಉಳಿಯುತ್ತದೆ.