ಮತ್ತೆ ಮತ್ತೆ ಕೆಡುವ ಯಂತ್ರ: ಒಂದು ಹಳೆಯ ಜೆಟ್ ದೋಣಿಯ ಕಾರಣಶೋಧನೆ

ಸಹ್ಯಾದ್ರಿಯ ಮಹಾಬಲೇಶ್ವರದಲ್ಲಿ ಹುಟ್ಟಿ ಮೂಡಣ ಸಮುದ್ರದತ್ತ ಸಾಗುವ ಕೃಷ್ಣೆಯು ಆಲಮಟ್ಟಿಯಲ್ಲಿ ಸಾಗರವಾಗಿ ನಿಂತಿರುವಳು. 1964ರಲ್ಲಿ ಶ್ರೀ ಲಾಲ್ ಬಹದ್ದೂರ್ ಶಾಸ್ತ್ರಿಯವರ ಹಸ್ತದಿಂದ ಶಂಕುಸ್ಥಾಪನೆಗೊಂಡ ಈ ಆಣೆಕಟ್ಟಿನ ಜಲಾಶಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಸುಮಾರು 123 ಟಿ.ಎಂ.ಸಿ. ನೀರು ಇಲ್ಲಿ ನಿಲ್ಲುತ್ತದೆ. ಒಂದು ಕಾಲಕ್ಕೆ ಜೋಳ, ಕುಸುಬೆ ಬೆಳೆಯುತ್ತಿದ್ದ ಎರೆಭೂಮಿಯ ಮೇಲೆ ಈಗ ದೋಣಿಗಳು ಚಲಿಸುತ್ತವೆ. ಹರಿಗೋಲನ್ನು ಮಾತ್ರ ಬಲ್ಲ ನಮ್ಮ ಜನರಿಗೆ ಯಂತ್ರದೋಣಿಯ ಪರಿಚಯವೂ ಆಗಿದೆ. 2009ರ ಹಾಗೂ 2019ರ ನೆರೆಹಾವಳಿಗಳಲ್ಲಿ ನೀರು ಸುತ್ತುವರಿದ ಊರುಗಳ ಜನರಿಗೆ ದೋಣಿಯೇ ಆಸರೆಯಾದುದನ್ನು ಈ ಭಾಗದವರು ಮರೆತಿಲ್ಲ.

ಆದರೆ ಯಂತ್ರದೋಣಿಯನ್ನು ಕೊಳ್ಳುವುದು ಒಂದು ಮಾತು, ಅದರ ಯಂತ್ರವನ್ನು ಬಲ್ಲವರಾಗುವುದು ಮತ್ತೊಂದು ಮಾತು. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದವರು ಹಳೆಯದನ್ನು ತರುತ್ತಾರೆ. ಅದು ಒಮ್ಮೆ ಕೆಡುತ್ತದೆ, ರಿಪೇರಿಯಾಗುತ್ತದೆ, ಪುನಃ ಕೆಡುತ್ತದೆ. ಇಂಥ ಪುನರಾವರ್ತನೆಯ ಮೂಲವನ್ನು ಕಂಡುಹಿಡಿಯುವ ಬಗೆ ಯಾವುದು ಎಂಬುದನ್ನು ಜೆಟ್ ದೋಣಿಯೊಂದನ್ನು ನಿದರ್ಶನವಾಗಿ ಇಟ್ಟುಕೊಂಡು ಇಲ್ಲಿ ಸ್ಥೂಲವಾಗಿ ವಿವೇಚಿಸಲಾಗಿದೆ.

ಜೆಟ್ ದೋಣಿ ಎಂದರೇನು?

ಸಾಮಾನ್ಯ ಯಂತ್ರದೋಣಿಗೆ ನೀರಿನಲ್ಲಿ ಮುಳುಗಿರುವ ಪಂಖವೊಂದಿರುತ್ತದೆ. ಆಳವಿಲ್ಲದ ನೀರಿನಲ್ಲಿ ಅದು ಕಲ್ಲಿಗೆ ಬಡಿಯುತ್ತದೆ, ಮೀನುಗಾರರ ಬಲೆಗೆ ಸಿಕ್ಕುತ್ತದೆ. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ (1899–1978) ಎಂಬ ಕುರಿಸಾಕಣೆಯ ಒಕ್ಕಲಿಗ ತನ್ನ ಸೀಮೆಯ ಕಲ್ಲುತುಂಬಿದ ತೆಳುಹರಿವಿನ ನದಿಗಳನ್ನು ಏರಬೇಕೆಂದು ಹಟ ತೊಟ್ಟು, 1954ರ ಹೊತ್ತಿಗೆ ಪಂಖವಿಲ್ಲದ ದೋಣಿಯನ್ನು ಓಡಿಸಿ ತೋರಿಸಿದನು. 1977ರಲ್ಲಿ ಎವರೆಸ್ಟ್ ವೀರ ಸರ್ ಎಡ್ಮಂಡ್ ಹಿಲರಿಯವರು ಗಂಗಾಸಾಗರದಿಂದ ಹೊರಟು ಗಂಗೆಯ ಪ್ರವಾಹಕ್ಕೆ ಎದುರಾಗಿ ಹಿಮಾಲಯದ ನಂದಪ್ರಯಾಗದ ಸಮೀಪದವರೆಗೆ ಏರಿದ್ದು ಇದೇ ಬಗೆಯ ದೋಣಿಗಳಲ್ಲಿ. ಅಲ್ಲಿ ಜಲಪಾತವೊಂದು ಅವರನ್ನು ತಡೆಯಿತು.

ಇದರ ತತ್ತ್ವ ನಮ್ಮ ರೈತರಿಗೆ ಹೊಸದೇನಲ್ಲ. ಜೆಟ್ ಎಂಬುದು ನೀರೆತ್ತುವ ಪಂಪೇ ಸರಿ. ದೋಣಿಯ ತಳದಲ್ಲಿರುವ ಜಾಲರಿಯ ಮೂಲಕ ನೀರನ್ನು ಹೀರಿ, ಇಂಪೆಲ್ಲರಿನಿಂದ ಒತ್ತಡ ಕೊಟ್ಟು, ಹಿಂಬದಿಯ ಕಿರಿದಾದ ಬಾಯಿಯಿಂದ ರಭಸವಾಗಿ ಹೊರಗೆಸೆಯುತ್ತದೆ. ನೀರು ಹಿಂದಕ್ಕೆ ಹೋದಂತೆ ದೋಣಿ ಮುಂದಕ್ಕೆ ಹೋಗುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಸೆಕೆಂಡಿಗೆ 100 ಲೀಟರ್ ನೀರು ದೋಣಿಗಿಂತ ಸೆಕೆಂಡಿಗೆ 20 ಮೀಟರಿನಷ್ಟು ಹೆಚ್ಚಿನ ವೇಗದಲ್ಲಿ ಹಿಂದಕ್ಕೆ ಚಿಮ್ಮಿದರೆ ದೊರೆಯುವ ನೂಕುಬಲ 2000 ನ್ಯೂಟನ್, ಎಂದರೆ ಸುಮಾರು 200 ಕಿಲೋ ತೂಕದಷ್ಟು. ಆಲಮಟ್ಟಿಯ ವಿದ್ಯುದಾಗಾರದಲ್ಲಿ ನೀರು ಚಕ್ರವನ್ನು ತಿರುಗಿಸುತ್ತದೆ. ಇಲ್ಲಿ ಚಕ್ರವು ನೀರನ್ನು ನೂಕುತ್ತದೆ. ಒಂದು ಮತ್ತೊಂದರ ತಿರುವುಮುರುವು.

ಒಂದು ಸಂಗತಿಯನ್ನು ಮುಖ್ಯವಾಗಿ ನೆನಪಿಡಬೇಕು. ಜೆಟ್ ದೋಣಿಗೆ ಚುಕ್ಕಾಣಿಯ ಹಲಗೆ ಇರುವುದಿಲ್ಲ. ಚಿಮ್ಮುವ ನೀರನ್ನೇ ಎಡಕ್ಕೆ ಬಲಕ್ಕೆ ತಿರುಗಿಸಿ ದಿಕ್ಕನ್ನು ಬದಲಿಸಲಾಗುತ್ತದೆ. ಆದುದರಿಂದ ಯಂತ್ರ ನಿಂತೊಡನೆ ವೇಗ ಮಾತ್ರವಲ್ಲ, ದಿಕ್ಕಿನ ಮೇಲಿನ ಹಿಡಿತವೂ ತಪ್ಪುತ್ತದೆ. ರಸ್ತೆಯಲ್ಲಿ ಕೆಟ್ಟ ಮೋಟಾರು ಬದಿಗೆ ನಿಲ್ಲುತ್ತದೆ; ಪ್ರವಾಹದಲ್ಲಿ ಕೆಟ್ಟ ಜೆಟ್ ದೋಣಿ ನೀರು ಒಯ್ದತ್ತ ಹೋಗುತ್ತದೆ. ಇಲ್ಲಿ ಪ್ರಶ್ನೆ ಹಣದ್ದಷ್ಟೇ ಅಲ್ಲ, ಪ್ರಾಣದ್ದು.

ಮೂರು ಸಲ ಕೆಟ್ಟ ಯಂತ್ರ

ಈಗ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಹಿನ್ನೀರಿನ ದಂಡೆಯ ಊರಿನ ನಾಲ್ವರು ಸ್ನೇಹಿತರು ಕೂಡಿ ಹಳೆಯ ಜೆಟ್ ದೋಣಿಯೊಂದನ್ನು ಕೊಂಡಿದ್ದಾರೆ. ಮೋಟಾರು ಕಾರಿನ ಪೆಟ್ರೋಲ್ ಇಂಜಿನ್ನನ್ನು ಅದಕ್ಕೆ ಅಳವಡಿಸಲಾಗಿದೆ. ಬೇಸಗೆಯೆಲ್ಲ ಚೆನ್ನಾಗಿ ಓಡಿದ ದೋಣಿ ಆಷಾಢದ ಹೊಸ ನೀರಿನಲ್ಲಿ ಒಂದು ದಿನ ಶಕ್ತಿಗುಂದಿ, ಬಡಿತದ ಸದ್ದು ಮಾಡಿ ನಿಲ್ಲುತ್ತದೆ. ಬಿಚ್ಚಿ ನೋಡಿದಾಗ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಸವೆದುಹೋಗಿವೆ. ಮೇಸ್ತ್ರಿಯು ಕ್ರ್ಯಾಂಕ್ ಶಾಫ್ಟನ್ನು ಅರೆಯಿಸಿ ಹೊಸ ಬೇರಿಂಗು ಕೂಡಿಸುತ್ತಾನೆ. ಕೆಲವೇ ತಾಸು ಓಡಿದ ಮೇಲೆ ಮತ್ತೆ ಅದೇ ಬಡಿತ. ‘ಈ ಇಂಜಿನ್ನೇ ಸರಿಯಿಲ್ಲ’ ಎಂದು ನಿಶ್ಚಯಿಸಿ, ಬೇರೊಂದು ಇಂಜಿನ್ನನ್ನು ತಂದು ಹಾಕುತ್ತಾರೆ. ಅದೂ ಕೆಲವೇ ದಿನಗಳಲ್ಲಿ ಅದೇ ರೀತಿ ಕೆಡುತ್ತದೆ. ನಾಲ್ವರ ನಡುವೆ ಮನಸ್ತಾಪ ಹುಟ್ಟುತ್ತದೆ. ಒಬ್ಬನು ಮೇಸ್ತ್ರಿಯನ್ನು ದೂರುತ್ತಾನೆ, ಇನ್ನೊಬ್ಬನು ಎಣ್ಣೆಯನ್ನು, ಮತ್ತೊಬ್ಬನು ನಡೆಸಿದವನನ್ನು.

ಇಲ್ಲಿ ದೂರುವುದನ್ನು ಬಿಟ್ಟು ತರ್ಕಿಸಬೇಕಾಗಿದೆ. ಜಾನ್ ಸ್ಟುವರ್ಟ್ ಮಿಲ್ಲನು 1843ರ ತನ್ನ ತರ್ಕಶಾಸ್ತ್ರದ ಗ್ರಂಥದಲ್ಲಿ ಕಾರಣಶೋಧನೆಯ ವಿಧಾನಗಳನ್ನು ಹೇಳಿದ್ದಾನೆ. ಒಂದೇ ಪರಿಣಾಮವು ಬೇರೆ ಬೇರೆ ಸಂದರ್ಭಗಳಲ್ಲಿ ಕಂಡುಬಂದರೆ, ಆ ಎಲ್ಲ ಸಂದರ್ಭಗಳಿಗೂ ಸಮಾನವಾದ ಅಂಶದಲ್ಲಿ ಕಾರಣವನ್ನು ಹುಡುಕಬೇಕು ಎಂಬುದು ಅವುಗಳಲ್ಲಿ ಒಂದು. ಎರಡು ಬೇರೆ ಇಂಜಿನ್ನುಗಳು ಒಂದೇ ತೆರನಾಗಿ ಕೆಟ್ಟಿವೆ ಎಂದ ಮೇಲೆ ದೋಷವು ಇಂಜಿನ್ನಿನ ಹೊರಗಿರುವ ಸಂಭವವೇ ಹೆಚ್ಚು. ಹಾಗಾದರೆ ಬದಲಾಗದೆ ಉಳಿದದ್ದು ಯಾವುದು? ಪೆಟ್ರೋಲ್ ಟಾಕಿ, ಜೆಟ್, ಇಂಜಿನ್ ಕೂಡಿಸಿದ ಪೀಠ, ತಂಪುನೀರಿನ ಕೊಳವೆ, ಎಣ್ಣೆಯನ್ನು ತಂಪುಮಾಡುವ ಆಯಿಲ್ ಕೂಲರ್ ಮತ್ತು ಅದರ ಪೈಪುಗಳು. ಇವುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಕೆಟ್ಟ ಭಾಗವೇ ಸಾಕ್ಷಿ

ಮೊದಲು ಮಾಡಬೇಕಾದ ಕೆಲಸವೆಂದರೆ ಮುರಿದ ಭಾಗಗಳನ್ನು ಎಸೆಯದಿರುವುದು. ಸವೆದ ಬೇರಿಂಗು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಮೈಯೆಲ್ಲ ನಯವಾಗಿ ಉಜ್ಜಿಹೋಗಿ ಕಾದ ಬಣ್ಣ ತಾಳಿದ್ದರೆ ಎಣ್ಣೆ ಸಾಲದೆ ಹೋಗಿದೆ ಅಥವಾ ಕಾದು ತೆಳುವಾಗಿದೆ ಎಂದರ್ಥ. ಉದ್ದುದ್ದ ಗೀರುಗಳಿದ್ದು ಲೋಹದ ಚೂರುಗಳು ನೆಟ್ಟಿದ್ದರೆ ಎಣ್ಣೆಯೊಡನೆ ಕಸ ಬಂದಿದೆ. ಒಂದೇ ಅಂಚಿನಲ್ಲಿ ಸವೆದಿದ್ದರೆ ಜೋಡಣೆ ನೆಟ್ಟಗಿಲ್ಲ. ಕ್ರ್ಯಾಂಕ್ ಶಾಫ್ಟಿನ ಉದ್ದಕ್ಕೆ ಒತ್ತಡ ತಡೆಯುವ ವಾಷರುಗಳು ಸವೆದಿದ್ದರೆ ಜೆಟ್ಟಿನ ನೂಕುಬಲವನ್ನು ಜೆಟ್ಟಿನ ಬೇರಿಂಗು ಹೊರುವುದರ ಬದಲು ಇಂಜಿನ್ನು ಹೊರುತ್ತಿದೆ.

ನಮ್ಮ ನಿದರ್ಶನದಲ್ಲಿ ಮೊದಲ ಸಲದ ಬೇರಿಂಗು ನಯವಾಗಿ ಉಜ್ಜಿಹೋಗಿ ಕಪ್ಪಿಟ್ಟಿದೆ. ಎರಡನೆಯ ಮತ್ತು ಮೂರನೆಯ ಸಲದವುಗಳಲ್ಲಿ ಗೀರುಗಳೂ ಚೂರುಗಳೂ ಇವೆ ಎಂದುಕೊಳ್ಳೋಣ. ಮೂರೂ ಸಲ ಕೆಟ್ಟ ಭಾಗ ಒಂದೇ ಆದರೂ ಕಾರಣ ಒಂದೇ ಅಲ್ಲವೆಂಬುದಕ್ಕೆ ಇದೇ ಮೊದಲ ಸುಳಿವು.

ಶಂಕಿತ ಕಾರಣಗಳ ಪರೀಕ್ಷೆ

ಪೆಟ್ರೋಲ್: ಟಾಕಿಯಲ್ಲಿ ನೀರು ಸೇರಿದ್ದರೆ ಅಥವಾ ಫಿಲ್ಟರ್ ಕಟ್ಟಿಕೊಂಡಿದ್ದರೆ ಪೆಟ್ರೋಲ್ ಸಾಲದೆ ಪಿಸ್ಟನ್ನು ಕಾದು ಕರಗುವುದುಂಟು. ಆಗ ಪಿಸ್ಟನ್ನಿನ ತಲೆಯಲ್ಲಿ ತೂತು, ಸ್ಪಾರ್ಕ್ ಪ್ಲಗ್ಗಿನ ಮೇಲೆ ಬಿಳಿಯ ಬಣ್ಣ ಕಾಣಬೇಕು. ಇಲ್ಲಿ ಅಂಥ ಗುರುತಿಲ್ಲ.

ಸಿಲಿಂಡರಿಗೆ ನೀರು: ದೋಣಿಯ ಇಂಜಿನ್ನಿನಲ್ಲಿ ಹೊಗೆಕೊಳವೆಯನ್ನೂ ನೀರಿನಿಂದ ತಂಪುಮಾಡುವುದುಂಟು. ಅದು ತುಕ್ಕುಹಿಡಿದು ತೂತಾದರೆ ನೀರು ಸಿಲಿಂಡರಿಗೆ ಇಳಿಯುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡು ಬಾಗುತ್ತದೆ. ಎಣ್ಣೆಯು ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗುವುದು ನೀರು ಬೆರೆತುದರ ಲಕ್ಷಣ. ಕಂಪ್ರೆಶನ್ ಪರೀಕ್ಷೆಯಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರುಗಳು ಸೋತಿದ್ದರೆ ಗ್ಯಾಸ್ಕೆಟ್ ಹೋಗಿರಬಹುದು. ಇಲ್ಲಿ ಎಣ್ಣೆಯ ಬಣ್ಣ ಸರಿಯಾಗಿದೆ, ರಾಡುಗಳು ನೆಟ್ಟಗಿವೆ.

ಜೆಟ್ಟಿನ ಹೊರೆ: ಕಾರಿನ ಇಂಜಿನ್ನು ಸಮತಟ್ಟಾದ ರಸ್ತೆಯಲ್ಲಿ ತನ್ನ ಶಕ್ತಿಯ ಅಲ್ಪಭಾಗವನ್ನಷ್ಟೇ ವ್ಯಯಿಸುತ್ತದೆ. ದೋಣಿಯಲ್ಲಾದರೋ ಅದು ದಿನವಿಡೀ ಘಟ್ಟ ಹತ್ತುತ್ತಿರುವಂತೆ. ಜೆಟ್ ಬಯಸುವ ಶಕ್ತಿಯು ಸುತ್ತಿನ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ನಿಮಿಷಕ್ಕೆ 4000 ಸುತ್ತುಗಳನ್ನು 2000ಕ್ಕೆ ಇಳಿಸಿದರೆ ಹೊರೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಇದರಿಂದ ಸುಲಭವಾದ ಪರೀಕ್ಷೆಯೊಂದು ದೊರೆಯುತ್ತದೆ. ಪೂರ್ಣ ವೇಗ ಕೊಟ್ಟಾಗ ಸುತ್ತುಗಳು ನಿಗದಿಗಿಂತ ಹೆಚ್ಚಿದ್ದು ದೋಣಿ ನಿಧಾನವಾಗಿದ್ದರೆ ದೋಷ ಜೆಟ್ಟಿನಲ್ಲಿದೆ: ಜಾಲರಿಗೆ ಕಸ ಮುಚ್ಚಿದೆ, ಗಾಳಿ ಹೀರುತ್ತಿದೆ, ಇಲ್ಲವೆ ಮರಳಿನಿಂದ ಇಂಪೆಲ್ಲರ್ ಸವೆದಿದೆ. ಫುಟ್‌ವಾಲ್ವ್ ಕಟ್ಟಿಕೊಂಡಾಗ ಹೊಲದ ಪಂಪು ಬರಿದೆ ತಿರುಗುವುದಿಲ್ಲವೆ, ಹಾಗೆ. ಸುತ್ತುಗಳು ಕಡಿಮೆಯಿದ್ದರೆ ಇಂಜಿನ್ ಸೋತಿದೆ, ಅಥವಾ ಅದಕ್ಕೆ ಮೀರಿದ ಇಂಪೆಲ್ಲರನ್ನು ಕೂಡಿಸಲಾಗಿದೆ. ನಮ್ಮ ದೋಣಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು ಎಂದಿಟ್ಟುಕೊಳ್ಳೋಣ.

ಇಂಜಿನ್ನಿನ ಪೀಠ: ಇಂಜಿನ್ನು ಓರೆಯಾಗಿ ಕುಳಿತಿದ್ದರೆ ಡಿಪ್‌ಸ್ಟಿಕ್ ತೋರಿಸುವ ಎಣ್ಣೆಯ ಮಟ್ಟ ನಿಜವಾಗಿರುವುದಿಲ್ಲ. ತೀವ್ರವಾಗಿ ತಿರುಗುವಾಗ ಸಂಪಿನ ಎಣ್ಣೆ ಒಂದು ಬದಿಗೆ ಸರಿದು, ಹೀರುಗೊಳವೆಯ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ಬೇರೊಂದು ಒತ್ತಡದ ಗೇಜನ್ನು ನೇರವಾಗಿ ಜೋಡಿಸಿ, ದೋಣಿ ತಿರುಗುವಾಗ ಮುಳ್ಳು ಬೀಳುವುದೇ ಎಂದು ನೋಡಬೇಕು. ಕಾದ ಪೆಟ್ರೋಲ್ ಇಂಜಿನ್ನಿನಲ್ಲಿ ಪ್ರತಿ 1000 ಸುತ್ತಿಗೆ ಚದರ ಅಂಗುಲಕ್ಕೆ ಸುಮಾರು 10 ಪೌಂಡು ಒತ್ತಡವಿರಬೇಕೆಂಬುದು ಮೇಸ್ತ್ರಿಗಳ ಸ್ಥೂಲ ಲೆಕ್ಕ. ತಯಾರಕರ ಕೈಪಿಡಿಯೇ ಅಂತಿಮ ಪ್ರಮಾಣ. ಇಲ್ಲಿ ಮುಳ್ಳು ತಿರುವಿನಲ್ಲಿ ಬೀಳುವುದಿಲ್ಲ; ಆದರೆ ಇಂಜಿನ್ನು ಕಾದಂತೆಲ್ಲ ಮೆಲ್ಲಮೆಲ್ಲನೆ ಇಳಿಯುತ್ತದೆ.

ಅಪರಾಧಿ ಸಿಕ್ಕಿದ್ದು

ಉಳಿದವು ಎರಡು: ತಂಪುನೀರಿನ ದಾರಿ ಮತ್ತು ಎಣ್ಣೆಯ ದಾರಿ. ಅನೇಕ ಜೆಟ್ ದೋಣಿಗಳಲ್ಲಿ ಇಂಜಿನ್ನನ್ನು ತಂಪುಮಾಡುವ ನೀರು ಜೆಟ್ಟಿನ ಒತ್ತಡದಿಂದಲೇ ಒಂದು ಸಣ್ಣ ಕೊಳವೆಯ ಮೂಲಕ ಬರುತ್ತದೆ. ಬೇಸಗೆಯ ತಿಳಿನೀರಿನಲ್ಲಿ ಅದಕ್ಕೆ ತೊಂದರೆಯಿಲ್ಲ. ಮಳೆಗಾಲದ ಹೊಸ ನೀರು ಎರೆಮಣ್ಣನ್ನೂ ಕಸವನ್ನೂ ಹೊತ್ತು ತರುತ್ತದೆ. ಆ ಕೆಸರು ಕೊಳವೆಯ ತಿರುವುಗಳಲ್ಲಿ ಕುಳಿತು ಗಟ್ಟಿಯಾಗುತ್ತದೆ. ಕೊಳವೆಯನ್ನು ಬಿಚ್ಚಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಕಟ್ಟಿಕೊಂಡಿರುವುದು ಕಾಣುತ್ತದೆ. ನೀರು ಸಾಲದೆ ಇಂಜಿನ್ನು ಕಾಯಿತು; ಎಣ್ಣೆ ತೆಳುವಾಯಿತು; ಬೇರಿಂಗು ಉಜ್ಜಿತು. ಮೊದಲ ಕೇಡಿಗೆ ಇದೇ ಕಾರಣ.

ಉಷ್ಣತೆಯ ಗೇಜು ಇದನ್ನೇಕೆ ತೋರಿಸಲಿಲ್ಲ ಎಂದು ವಾಚಕರು ಕೇಳಬಹುದು. ಆ ಗೇಜಿನ ಮೊಳೆಯು ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಸತ್ಯ ಹೇಳುತ್ತದೆ. ನೀರು ಇಳಿದು ಅದರ ಸುತ್ತ ಆವಿಯೋ ಗಾಳಿಯೋ ತುಂಬಿದರೆ ಲೋಹ ಕಾದಿದ್ದರೂ ಮುಳ್ಳು ಕೆಳಗೇ ಇರಬಹುದು. ಗೇಜು ಸುಮ್ಮನಿದೆ ಎಂದು ನಂಬಿ ಕುಳಿತವರು ಹೀಗೆಯೇ ಮೋಸಹೋಗುತ್ತಾರೆ.

ಇನ್ನು ಎರಡನೆಯ ಕೇಡು. ಮೊದಲ ಸಲ ಬೇರಿಂಗು ಸವೆದಾಗ ಉದುರಿದ ಲೋಹದ ಪುಡಿ ಎಣ್ಣೆಯೊಡನೆ ಹರಿದು ಆಯಿಲ್ ಕೂಲರಿನ ಸಣ್ಣ ನಳಿಗೆಗಳಲ್ಲಿ ಸೇರಿಕೊಂಡಿತು. ಮೇಸ್ತ್ರಿಯು ಇಂಜಿನ್ನನ್ನು ತೊಳೆದನು, ಎಣ್ಣೆ ಬದಲಿಸಿದನು. ಕೂಲರನ್ನು ಮಾತ್ರ ಮುಟ್ಟಲಿಲ್ಲ. ಹೊಸ ಎಣ್ಣೆ ಕಾದು ಹರಿದೊಡನೆ ಆ ಪುಡಿ ಕದಲಿ ಹೊಸ ಬೇರಿಂಗಿಗೆ ಬಂದಿತು. ಮೂರನೆಯ ಸಲ ಬೇರೆ ಇಂಜಿನ್ನು ಬಂದರೂ ಕೂಲರ್ ಅದೇ, ಪೈಪು ಅದೇ, ಕೆಸರು ತುಂಬಿದ ನೀರಿನ ಕೊಳವೆಯೂ ಅದೇ. ಮನೆ ಬದಲಾಯಿತು, ಇಲಿ ಜೊತೆಗೇ ಬಂದಿತು.

ಪರಿಹಾರ ಇಷ್ಟೇ: ಬೇರಿಂಗು ಕೆಟ್ಟ ಮೇಲೆ ಆಯಿಲ್ ಕೂಲರನ್ನು ತೊಳೆದು ಬಳಸುವುದಕ್ಕಿಂತ ಬದಲಿಸುವುದೇ ಕ್ಷೇಮ, ಎಣ್ಣೆಯ ಪೈಪುಗಳನ್ನೂ ಬದಲಿಸಬೇಕು. ಹೊಸ ಇಂಜಿನ್ನು ಕೆಲವು ತಾಸು ಓಡಿದ ಮೇಲೆ ಆಯಿಲ್ ಫಿಲ್ಟರನ್ನು ಕತ್ತರಿಸಿ, ಕಾಗದದ ಮಡಿಕೆಗಳಲ್ಲಿ ಲೋಹದ ಮಿನುಗು ಇದೆಯೇ ಎಂದು ಬಿಸಿಲಿನಲ್ಲಿ ನೋಡಬೇಕು. ತಂಪುನೀರಿನ ದಾರಿಯಲ್ಲಿ ಸುಲಭವಾಗಿ ಬಿಚ್ಚಿ ತೊಳೆಯಬಹುದಾದ ಸೋಸುಗವೊಂದನ್ನಿಟ್ಟು ಮಳೆಗಾಲದಲ್ಲಿ ಪ್ರತಿದಿನ ಸ್ವಚ್ಛಗೊಳಿಸಬೇಕು.

ಪ್ರಯೋಗಕ್ಕೆ ಮುನ್ನ

ರಿಪೇರಿಯಾದ ದೋಣಿಯನ್ನು ಮೊದಲು ದಂಡೆಗೆ ಭದ್ರವಾಗಿ ಕಟ್ಟಿ, ಅನಂತರ ನಿಂತ ನೀರಿನಲ್ಲಿ ದಂಡೆಯ ಸಮೀಪವೇ ಪರೀಕ್ಷಿಸಬೇಕು. ಹರಿಯುವ ನೀರಿನಲ್ಲಾಗಲಿ, ಆಣೆಕಟ್ಟಿನ ಬಳಿಯಲ್ಲಾಗಲಿ ಇಂಥ ಪ್ರಯೋಗ ಸಲ್ಲದು. ಪೆಟ್ರೋಲಿನ ಆವಿ ದೋಣಿಯ ತಳದಲ್ಲಿ ಕೂಡಿಕೊಳ್ಳುವುದರಿಂದ ಪ್ರಾರಂಭಿಸುವ ಮೊದಲು ಮುಚ್ಚಳ ತೆರೆದು ಗಾಳಿಯಾಡಿಸಬೇಕು. ಲಂಗರು, ಹಗ್ಗ, ಎರಡು ಹುಟ್ಟು ಮತ್ತು ಪ್ರತಿಯೊಬ್ಬರಿಗೂ ತೇಲುಕವಚ ಇಲ್ಲದೆ ಹೊರಡಬಾರದು. ಯಂತ್ರ ಎಷ್ಟೇ ನಂಬಿಗಸ್ತವಾಗಿದ್ದರೂ ಅಂಬಿಗನ ಹುಟ್ಟನ್ನು ಮನೆಯಲ್ಲಿ ಬಿಟ್ಟು ಬರುವುದು ಜಾಣತನವಲ್ಲ.

ಹಳೆಯ ದೋಣಿಯನ್ನು ಕೊಳ್ಳುವವರು ಬಣ್ಣ ಬಳಿದ ಮೈಯನ್ನು ನೋಡಿ ಮರುಳಾಗದೆ, ಇದರ ಇಂಜಿನ್ನು ಹಿಂದೆ ಎಷ್ಟು ಸಲ ಕೆಟ್ಟಿತ್ತು, ಆಗ ಏನನ್ನು ಬದಲಿಸಿದರು, ಏನನ್ನು ಬದಲಿಸಲಿಲ್ಲ ಎಂದು ಕೇಳಬೇಕು. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು.

ಶಾಲೆಯಲ್ಲಿ ನಾವು ಮಕ್ಕಳಿಗೆ ಉತ್ತರಗಳನ್ನು ಕಲಿಸುತ್ತೇವೆ. ನ್ಯೂಟನ್ನನ ನಿಯಮವನ್ನು ಬಾಯಿಪಾಠ ಒಪ್ಪಿಸುವ ಹುಡುಗನು ನಾಳೆ ಪಂಪುಸೆಟ್ಟಿನ ಮುಂದೆಯೋ ದೋಣಿಯ ಮುಂದೆಯೋ ನಿಂತಾಗ ಅವನಿಗೆ ಬೇಕಾಗುವುದು ಪ್ರಶ್ನೆಗಳು. ಹಳೆಯದೊಂದು ಪಂಪನ್ನೋ ಇಂಜಿನ್ನನ್ನೋ ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲಿಟ್ಟು, ಮಕ್ಕಳ ಕೈಯಿಂದಲೇ ಬಿಚ್ಚಿಸಿ, ಸವೆದ ಭಾಗವನ್ನು ಅವರ ಅಂಗೈಯಲ್ಲಿಟ್ಟು ‘ಇದು ಏಕೆ ಹೀಗಾಯಿತು?’ ಎಂದು ಕೇಳುವಂತಾದರೆ ಆ ಖರ್ಚು ವ್ಯರ್ಥವಾಗದು. ನೆರೆ ಮತ್ತೊಮ್ಮೆ ಬಂದಾಗ ದೋಣಿಯ ಬಳಿ ನಿಲ್ಲುವವರು ಆ ಮಕ್ಕಳೇ.