ಗ್ಯಾಸ್ ಆರಿಸಿದೆನೋ ಇಲ್ಲವೋ?

ಊರಿಗೆ ಹೊರಟು ಬಸ್‌ಸ್ಟ್ಯಾಂಡ್ ತಲುಪುವ ಹೊತ್ತಿಗೆ ‘ಅಯ್ಯೋ, ಗ್ಯಾಸ್ ಆರಿಸಿದೆನಾ?’ ಎಂದು ಗಾಬರಿಯಾಗುತ್ತದೆ. ಪಕ್ಕದ ಮನೆಯವರಿಗೆ ಒಂದು ಫೋನ್ ಮಾಡುತ್ತೀರಿ, ಆಮೇಲೆ ಮರೆಯುತ್ತೀರಿ. ಇದು ಕಾಯಿಲೆಯಲ್ಲ.

ಇನ್ನೊಬ್ಬರನ್ನು ನೋಡಿ. ರೆಗ್ಯುಲೇಟರ್ ತಿರುಗಿಸುತ್ತಾರೆ, ಮುಟ್ಟಿ ನೋಡುತ್ತಾರೆ. ಬಾಗಿಲವರೆಗೆ ಬಂದು ಮತ್ತೆ ಅಡುಗೆಮನೆಗೆ ಹೋಗುತ್ತಾರೆ. ಏಳೆಂಟು ಸಲ ಹೀಗಾದ ಮೇಲೆ ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಬಸ್ಸಿನಲ್ಲಿ ಫೋಟೊ ನೋಡಿದರೆ ಹೊಸ ಅನುಮಾನ: ಇದು ಇವತ್ತಿನದೋ, ನಿನ್ನೆಯದೋ? ತಾರೀಖು ನೋಡುತ್ತಾರೆ, ಇವತ್ತಿನದೇ. ಆದರೆ ಫೋಟೊ ತೆಗೆಯುವಾಗ ಕೈ ತಗುಲಿ ತಿರುಗಿಬಿಟ್ಟಿದ್ದರೆ? ಮುಂದಿನ ಸ್ಟಾಪಿನಲ್ಲಿ ಇಳಿದೇಬಿಡುತ್ತಾರೆ.

ಇದಕ್ಕೆ ಒಸಿಡಿ, ಅಂದರೆ ಅಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್ ಎನ್ನುತ್ತಾರೆ. ಕನ್ನಡದಲ್ಲಿ ಗೀಳು ಮನೋರೋಗ. ಅಬ್ಸೆಷನ್ ಎಂದರೆ ಬೇಡವೆಂದರೂ ನುಗ್ಗಿ ಬರುವ ಯೋಚನೆ. ಕಂಪಲ್ಷನ್ ಎಂದರೆ ಅದರ ಸಂಕಟ ತಡೆಯಲಾರದೆ ಮತ್ತೆ ಮತ್ತೆ ಮಾಡುವ ಕೆಲಸ: ತೊಳೆಯುವುದು, ಪರೀಕ್ಷಿಸುವುದು, ಎಣಿಸುವುದು, ‘ಸರಿಯಾಗಿದೆ ತಾನೇ?’ ಎಂದು ಮನೆಯವರನ್ನು ಕೇಳುತ್ತಲೇ ಇರುವುದು. ಮಾಡಿದಾಗ ಕೊಂಚ ನೆಮ್ಮದಿ ಸಿಗುತ್ತದೆ. ತೊಂದರೆ ಇರುವುದೇ ಆ ನೆಮ್ಮದಿಯಲ್ಲಿ. ‘ತೊಳೆದದ್ದಕ್ಕೇ ಬಚಾವಾದೆ’ ಎಂದು ಮನಸ್ಸು ಪಾಠ ಕಲಿಯುತ್ತದೆ, ಮುಂದಿನ ಸಲ ಇನ್ನೂ ಹೆಚ್ಚು ತೊಳೆಸುತ್ತದೆ.

‘ನನಗೆ ಸ್ವಲ್ಪ ಒಸಿಡಿ ಕಣ್ರೀ, ಎಲ್ಲ ನೀಟಾಗಿರಬೇಕು’ ಎನ್ನುವವರು ಸಿಗುತ್ತಾರೆ. ಓರಣ ಇಷ್ಟವಾದರೆ ಅದು ಸ್ವಭಾವ. ಹಾಗಾದರೆ ನಮ್ಮಜ್ಜಿಯ ಮಡಿಯೂ ಇದೇನಾ ಎಂದು ಕೇಳುತ್ತೀರಿ. ಅಲ್ಲ. ಮಡಿಗೆ ಒಂದು ಮುಕ್ತಾಯವಿದೆ. ಸ್ನಾನವಾಯಿತು, ಮಡಿ ಉಟ್ಟಾಯಿತು, ಅಜ್ಜಿ ನಿರಾಳವಾಗಿ ಒಲೆಯ ಮುಂದೆ ಕೂರುತ್ತಾರೆ. ಗೀಳಿನ ಸ್ನಾನ ಮುಗಿಯುವುದೇ ಇಲ್ಲ. ಕೈ ಬಿರುಕು ಬಿಟ್ಟರೂ ‘ಸರಿಯಾಗಿ ಹೋಗಲಿಲ್ಲ’ ಅನ್ನಿಸುತ್ತದೆ. ಆದರೆ ಮಡಿಯ ಮನೆಯಲ್ಲಿ ಗೀಳು ಸುಲಭವಾಗಿ ಅಡಗಿ ಕೂರಬಲ್ಲದು, ‘ಅವಳು ಬಹಳ ಶುದ್ಧ’ ಎಂಬ ಹೊಗಳಿಕೆಯ ಹಿಂದೆ.

ಕಣ್ಣಿಗೆ ಕಾಣದ ಬಗೆಯೂ ಇದೆ. ಹಸುಗೂಸಿಗೆ ನೀರು ಹಾಕುವಾಗ ತಾಯಿಗೆ ‘ಮುಳುಗಿಸಿಬಿಟ್ಟರೆ?’ ಎಂಬ ಯೋಚನೆ ಬರುತ್ತದೆ. ದೇವರ ಮುಂದೆ ಕೈಮುಗಿದಾಗಲೇ ಅಶ್ಲೀಲ ಚಿತ್ರ ಸುಳಿಯುತ್ತದೆ. ಅವರು ಹೆದರಿ ಒಳಗೊಳಗೇ ತಪ್ಪೊಪ್ಪಿಗೆ ಜಪಿಸುತ್ತಾರೆ. ಆ ಜಪವೂ ಕಂಪಲ್ಷನ್ನೇ. ‘ನಾನು ಕೆಟ್ಟವನಾ?’ ಎಂಬ ಭಯ ಬೇಡ. ಇಂಥ ಯೋಚನೆ ಬರುವುದು ನಿಮ್ಮ ಆಸೆಯಿಂದಲ್ಲ. ಅದು ನಿಮ್ಮ ಸ್ವಭಾವಕ್ಕೆ ವಿರುದ್ಧವಾದುದರಿಂದಲೇ ಇಷ್ಟು ಕಾಡುತ್ತದೆ. ಆದರೆ ಯಾರೋ ಕಿವಿಯಲ್ಲಿ ಹೇಳಿ ಮಾಡಿಸುವಂತೆ ಅನ್ನಿಸಿದರೆ, ಸಾಯುವ ಯೋಚನೆ ಬಂದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ನಿಮ್ಮನ್ನು ನೀವೇ ಹೀಗೆ ಕೇಳಿಕೊಳ್ಳಿ. ಇವೆಲ್ಲಕ್ಕೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗುತ್ತಿದೆಯೇ? ಕೆಲಸ, ಓದು, ಸಂಸಾರ ಕೆಡುತ್ತಿದೆಯೇ? ಅತಿಯಾಯಿತು ಎಂದು ಗೊತ್ತಿದ್ದೂ ನಿಲ್ಲಿಸಲಾಗುತ್ತಿಲ್ಲವೇ? ಹೌದಾದರೆ ವೈದ್ಯರನ್ನು ಕಾಣಬೇಕು. ರಕ್ತಪರೀಕ್ಷೆ, ಸ್ಕ್ಯಾನ್‌ಗಳಿಂದ ಇದು ತಿಳಿಯುವುದಿಲ್ಲ, ಮಾತಾಡಿಸಿಯೇ ಪತ್ತೆಹಚ್ಚುತ್ತಾರೆ. ಸಾಮಾನ್ಯವಾಗಿ ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಶುರುವಾಗುತ್ತದೆ. ಬಹಳ ಮಂದಿ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡೇ ಇರುತ್ತಾರೆ.

ಚಿಕಿತ್ಸೆ ಎರಡು ಬಗೆ. ಒಂದು, ಇ.ಆರ್.ಪಿ. ಎಂಬ ಮನೋಚಿಕಿತ್ಸೆ. ಭಯಪಡಿಸುವುದನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದು, ಆದರೆ ಗೀಳಿನ ಕೆಲಸ ಮಾಡದಿರುವುದು. ಬಸ್ಸಿನ ಕಂಬಿ ಹಿಡಿದು ಅರ್ಧ ಗಂಟೆ ಕೈ ತೊಳೆಯದೆ ಕೂರುವುದು, ಹೀಗೆ. ಮೊದಲು ಎದೆ ಡವಗುಟ್ಟುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಎರಡನೆಯದು ಫ್ಲೂಕ್ಸೆಟಿನ್, ಸರ್ಟ್ರಲಿನ್‌ನಂಥ ಮಾತ್ರೆ. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕಾಗಬಹುದು. ಎರಡು ವಾರಕ್ಕೇ ‘ಏನೂ ಆಗಲಿಲ್ಲ’ ಎಂದು ಬಿಡಬೇಡಿ. ಇವು ಚಟ ಹಿಡಿಸುವ ನಿದ್ದೆಮಾತ್ರೆಗಳಲ್ಲ, ಆದರೆ ವೈದ್ಯರನ್ನು ಕೇಳದೆ ಏಕಾಏಕಿ ನಿಲ್ಲಿಸಬಾರದು.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಕ್ಲಿನಿಕ್ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ತೀರಾ ಕಡಿಮೆ. ಹೊರಗೆ ಕೊಳ್ಳುವುದಾದರೆ ಜನೌಷಧಿ ಅಂಗಡಿಯಲ್ಲಿ ಮಾತ್ರೆ ಅಗ್ಗ. ಖಾಸಗಿಯಲ್ಲಿ ಥೆರಪಿಗೆ ಪ್ರತಿ ಭೇಟಿಗೂ ಶುಲ್ಕವಿರುತ್ತದೆ, ಮೊದಲೇ ಕೇಳಿಕೊಳ್ಳಿ. ಮೊದಲು ಫೋನಿನಲ್ಲಿ ಮಾತಾಡೋಣ ಅನ್ನಿಸಿದರೆ ಟೆಲಿ-ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಬರೆದದ್ದು ಸರಿಯಿದೆಯೇ ಎಂದು ಹತ್ತು ಸಲ ಓದಿ, ಹರಿದು, ಮತ್ತೆ ಬರೆಯುವಂತಾದರೆ ಅದನ್ನೂ ಅದೇ ಚೀಟಿಯಲ್ಲಿ ಸೇರಿಸಿ.