ಗಡ್ಡೆ ತೆಗೆಸಿದರೆ ಗರ್ಭ ನಿಲ್ಲುತ್ತದೆಯೇ?

ಬಿ.ದುರ್ಗದ ಓದುಗರ ಈ ಪ್ರಶ್ನೆಗೆ ಉತ್ತರ ಗರ್ಭಕೋಶದ ಗಡ್ಡೆಯ (ಫೈಬ್ರಾಯ್ಡ್) ಗಾತ್ರಕ್ಕಿಂತ ಅದು ಕೂತ ಜಾಗದಲ್ಲಿದೆ. ಗರ್ಭಕೋಶದ ಒಳಕ್ಕೆ ಚಾಚಿದ್ದು ಚಿಕ್ಕದಾದರೂ ಭ್ರೂಣ ಅಂಟಿಕೊಳ್ಳಲು ಅಡ್ಡಿಯಾಗಬಹುದು. ಹೊರಮೈಯದು ನಿಂಬೆಹಣ್ಣಿನಷ್ಟಿದ್ದರೂ ಸಾಮಾನ್ಯವಾಗಿ ತೊಡಕಲ್ಲ. 2005ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದರಲ್ಲಿ, ಗರ್ಭಕೋಶಕ್ಕೆ ವೀರ್ಯ ಸೇರಿಸುವ ಚಿಕಿತ್ಸೆಗೆ ಮೊದಲು ಒಳಪದರದಲ್ಲಿ ಬೆಳೆಯುವ ಪಾಲಿಪ್ ತೆಗೆಸಿಕೊಂಡವರಲ್ಲಿ ಶೇ. 63 ಮಂದಿ ಬಸಿರಾದರು, ತೆಗೆಸದವರಲ್ಲಿ ಶೇ. 28. ಪಾಲಿಪ್ ಬೇರೆ, ಫೈಬ್ರಾಯ್ಡ್ ಬೇರೆ ಎಂಬ ಆಕ್ಷೇಪ ನ್ಯಾಯವೇ. ಫೈಬ್ರಾಯ್ಡ್ ವಿಷಯದಲ್ಲಿ ಪುರಾವೆ ಇಷ್ಟು ಗಟ್ಟಿಯಿಲ್ಲ, ಗೋಡೆಯೊಳಗಿನದರ ಬಗ್ಗೆಯಂತೂ ವೈದ್ಯರಲ್ಲೇ ಒಮ್ಮತವಿಲ್ಲ. "ಇದ್ದರೆ ತೆಗೆಸಿಬಿಡೋಣ" ಎನ್ನುವವರು ಹೊಟ್ಟೆ ಕೊಯ್ದಾಗ ಒಳಗೆ ಅಂಟು ಕಟ್ಟಿಕೊಂಡು ಹೊಸ ತೊಡಕಾಗಬಹುದು ಎಂಬುದನ್ನೂ ಎಣಿಸಬೇಕು. ಹೊಳಲ್ಕೆರೆಯಲ್ಲೋ ಚಿತ್ರದುರ್ಗದಲ್ಲೋ ಸ್ಕ್ಯಾನ್ ಮಾಡಿಸಿದರೆ ಗಡ್ಡೆ ಎಲ್ಲಿದೆಯೆಂದು ಬರೆಸಿಕೊಳ್ಳಿ. ಗಂಡನ ವೀರ್ಯ ಪರೀಕ್ಷೆಯೂ (ಅದನ್ನೇಕೋ ಕೊನೆಗೆ ತಳ್ಳುತ್ತಾರೆ!) ಆಪರೇಷನ್ನಿಗೆ ಮೊದಲೇ ಆಗಲಿ.